ಹೆರಿಗೆಗೆ ಜಾಗವಿಲ್ಲದ ದ್ವೀಪ

ಗ್ರೀಸ್ ದೇಶದ ಸಿಕ್ಲಡೀಸ್ ದ್ವೀಪಗಳ ಹೆಸರು ಗೊತ್ತಿಲ್ಲದವರಿಗೂ ಅವುಗಳ ಚಿತ್ರ ಗೊತ್ತು. ಕಡಿದಾದ ಬಂಡೆಯ ಅಂಚಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂಥ ಸುಣ್ಣದ ಬಿಳಿ ಮನೆಗಳು, ನಡುವೆ ಒಂದು ನೀಲಿ ಗುಮ್ಮಟ, ಕೆಳಗೆ ಅದಕ್ಕಿಂತ ನೀಲಿಯಾದ ಸಮುದ್ರ. ಕ್ಯಾಲೆಂಡರಿನಲ್ಲಿ, ಡಾಕ್ಟರ ಷಾಪಿನ ಗೋಡೆಯ ಮೇಲೆ, ಪ್ರವಾಸ ಕಂಪನಿಯ ಬಣ್ಣದ ಹಾಳೆಯಲ್ಲಿ, ಈಗ ಪ್ರತಿಯೊಬ್ಬರ ಮೊಬೈಲಿನಲ್ಲಿ ಆ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಇನ್ನೊಮ್ಮೆ ಕಣ್ಣಿಟ್ಟು ನೋಡಿ. ಅದರಲ್ಲಿ ಬಟ್ಟೆ ಒಣಹಾಕಿದ ಹಗ್ಗವಿಲ್ಲ. ನೀರು ತುಂಬಿಟ್ಟ ಬಕೆಟ್ಟಿಲ್ಲ. ಹೊಸ್ತಿಲ ಮೇಲೆ ಕೂತು ಕಾಳು ಆರಿಸುವ ಅಜ್ಜಿಯಿಲ್ಲ, ರಚ್ಚೆ ಹಿಡಿದ ಮಗುವಿಲ್ಲ. ಮನೆಗಳಿವೆ, ಮನೆವಾರ್ತೆಯಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ಚಿತ್ರ ತೆಗೆದವನು ಇವನ್ನೆಲ್ಲ ಮರೆಮಾಡಿದ್ದರೆ ಚಿಂತೆಯಿರಲಿಲ್ಲ. ಚಿತ್ರಕ್ಕೆ ಒಪ್ಪುವಂತೆ ಊರನ್ನೇ ಖಾಲಿಮಾಡುವ ಕೆಲಸ ನಡೆದಿದೆ, ಅದನ್ನು ಅಭಿವೃದ್ಧಿ ಎಂದು ಕರೆಯುತ್ತಿದ್ದಾರೆ.

ಈ ದ್ವೀಪಗಳಲ್ಲಿ ಇಂಥದ್ದು ನಡೆಯುತ್ತಿರುವುದು ಇದೇ ಮೊದಲಲ್ಲ. ಏಜಿಯನ್ ಸಮುದ್ರದ ಈ ಇನ್ನೂರಕ್ಕೂ ಹೆಚ್ಚು ನಡುಗಡ್ಡೆಗಳಿಗೆ ಸಿಕ್ಲಡೀಸ್ ಎಂಬ ಹೆಸರು ಬಂದದ್ದು ‘ವೃತ್ತ’ ಎಂಬ ಅರ್ಥದ ಗ್ರೀಕ್ ಮಾತಿನಿಂದ. ವೃತ್ತದ ನಡುವೆ ಇರುವುದು ಡೆಲೋಸ್. ಮೂರೂವರೆ ಚದರ ಕಿಲೋಮೀಟರಿಗೂ ಕಡಿಮೆ ವಿಸ್ತಾರದ, ಮರಗಿಡ ಕಾಣದ ಒಂದು ಕಲ್ಲುದಿಬ್ಬ. ಪುರಾಣದ ಪ್ರಕಾರ ಲೆಟೋ ಎಂಬ ಹೆಣ್ಣು ದೇವರಾಜ ಜ್ಯೂಸನಿಂದ ಗರ್ಭಿಣಿಯಾಗಿ, ಅವನ ಪಟ್ಟದ ರಾಣಿ ಹೀರಾಳ ಸಿಟ್ಟಿಗೆ ಹೆದರಿ ಅಲೆಯುತ್ತಾಳೆ. ಯಾವ ನಾಡೂ ಅವಳಿಗೆ ಹೆರಿಗೆಗೆ ಜಾಗ ಕೊಡುವುದಿಲ್ಲ. ಕೊನೆಗೆ ಜಾಗ ಕೊಟ್ಟದ್ದು ಏನೂ ಬೆಳೆಯದ, ಯಾರಿಗೂ ಬೇಡವಾದ ಈ ಡೆಲೋಸ್. ಪ್ರಸವದ ದೇವತೆಯನ್ನೂ ಹೀರಾ ತಡೆದಿಟ್ಟಿದ್ದರಿಂದ ಒಂಬತ್ತು ಹಗಲು ಒಂಬತ್ತು ರಾತ್ರಿ ನೋವು ತಿಂದು, ಒಂದು ಖರ್ಜೂರದ ಮರವನ್ನು ತಬ್ಬಿಹಿಡಿದು ಲೆಟೋ ಅಪೊಲೊನನ್ನು ಹೆತ್ತಳು. ಡೆಲೋಸ್ ಪುಣ್ಯಕ್ಷೇತ್ರವಾದದ್ದು ಹೀಗೆ, ಒಬ್ಬ ಬಸುರಿಗೆ ಆಸರೆ ಕೊಟ್ಟ ಕಾರಣಕ್ಕೆ.

ಮುಂದೆ ಏನಾಯಿತು ಕೇಳಿ. ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಈ ಕ್ಷೇತ್ರವನ್ನು ‘ಶುದ್ಧಿ’ ಮಾಡಲು ಹೊರಟರು. ಅಲ್ಲಿದ್ದ ಗೋರಿಗಳನ್ನೆಲ್ಲ ಅಗೆದು ಸಾಗಿಸಿದರು. ಇನ್ನು ಮೇಲೆ ಡೆಲೋಸಿನಲ್ಲಿ ಯಾರೂ ಸಾಯಕೂಡದು, ಯಾರೂ ಹೆರಕೂಡದು, ಸಾಯುವ ಹಂತದಲ್ಲಿದ್ದವರನ್ನೂ ದಿನ ತುಂಬಿದ ಬಸುರಿಯರನ್ನೂ ಎದುರಿನ ರೆನಿಯಾ ದ್ವೀಪಕ್ಕೆ ದಾಟಿಸಬೇಕು ಎಂದು ಆಜ್ಞೆ ಮಾಡಿದರು. ಇದು ಕಟ್ಟುಕಥೆಯಲ್ಲ, ಆ ಕಾಲದಲ್ಲೇ ಬದುಕಿದ್ದ ಥುಸಿಡಿಡೀಸ್ ಬರೆದಿಟ್ಟ ಇತಿಹಾಸ. ಹೆರಿಗೆಯಿಂದ ಪವಿತ್ರವಾದ ನೆಲದಲ್ಲಿ ಹೆರಿಗೆಯೇ ಮೈಲಿಗೆ! ಅಷ್ಟಕ್ಕೇ ನಿಲ್ಲಲಿಲ್ಲ. ನಾಲ್ಕು ವರ್ಷಕ್ಕೆ, ಕ್ರಿ.ಪೂ. 422ರಲ್ಲಿ, ಶುದ್ಧಿ ಸಾಲದೆಂದು ಡೆಲೋಸಿನ ನಿವಾಸಿಗಳನ್ನೇ ಹೊರಗಟ್ಟಿದರು. ಮರುವರ್ಷ ಕರೆಸಿಕೊಂಡರೆನ್ನುವುದು ಬೇರೆ ಮಾತು. ಮೊದಲು ಹುಟ್ಟುಸಾವನ್ನು ಹೊರಗೆ ಹಾಕಿದರು, ಆಮೇಲೆ ಜನವನ್ನೇ ಹೊರಗೆ ಹಾಕಿದರು. ಎರಡಕ್ಕೂ ಕಾರಣ ಒಂದೇ: ಜಾಗ ಚೊಕ್ಕಟವಾಗಿ ಕಾಣಬೇಕು.

ಎರಡೂವರೆ ಸಾವಿರ ವರ್ಷದ ಮೇಲೆ ಅದೇ ಶುದ್ಧಿ ಕಾರ್ಯವನ್ನು ಪ್ರವಾಸೋದ್ಯಮ ಮಾಡುತ್ತಿದೆಯೆಂದು ನಾನು ಹೇಳಿದರೆ ಅತಿಯಾಯಿತು ಎನ್ನಬಹುದು. ಸ್ಯಾಂಟೊರಿನಿಯ ಲೆಕ್ಕವನ್ನೇ ನೋಡೋಣ. ಮುಖ್ಯ ದ್ವೀಪದ ವಿಸ್ತಾರ 76 ಚದರ ಕಿಲೋಮೀಟರು. 2021ರ ಜನಗಣತಿಯಂತೆ ಅಲ್ಲಿಯ ನಿವಾಸಿಗಳು ಹದಿನೈದೂವರೆ ಸಾವಿರದಷ್ಟು. 2023ರಲ್ಲಿ ಅಲ್ಲಿಗೆ ಬಂದವರು ಸುಮಾರು 34 ಲಕ್ಷ. ಒಬ್ಬೊಬ್ಬ ನಿವಾಸಿಗೆ ವರ್ಷಕ್ಕೆ ಇನ್ನೂರಕ್ಕೂ ಮೇಲ್ಪಟ್ಟು ನೆಂಟರು! ಅವರಲ್ಲಿ ಹದಿಮೂರು ಲಕ್ಷದಷ್ಟು ಜನ ದೈತ್ಯ ಹಡಗುಗಳಲ್ಲಿ ಬಂದು, ಕೆಲವು ಗಂಟೆ ಸುತ್ತಿ, ಊಟಕ್ಕೂ ನಿದ್ದೆಗೂ ಹಡಗಿಗೇ ಮರಳುವವರು. 2024ರ ಜುಲೈಯಲ್ಲಿ ಹೀಗೆ ಒಂದೇ ದಿನ ಹತ್ತು ಸಾವಿರಕ್ಕೂ ಮೀರಿ ಹಡಗಿನ ಪ್ರಯಾಣಿಕರು ಇಳಿಯಲಿದ್ದಾಗ, ಊರವರು ಆದಷ್ಟು ಓಡಾಟ ಕಡಿಮೆ ಮಾಡಬೇಕೆಂದು ಸ್ಥಳೀಯ ಆಡಳಿತದ ಕಡೆಯಿಂದಲೇ ಒಂದು ಸೂಚನೆ ಹೊರಟಿತು. ಜನ ಸಿಟ್ಟಾದ ಮೇಲೆ ಅದನ್ನು ಹಿಂತೆಗೆದುಕೊಂಡರು. ಆದರೆ ಮನಸ್ಸಿನಲ್ಲಿದ್ದದ್ದು ಒಮ್ಮೆ ಹೊರಗೆ ಬಂದಿತ್ತಲ್ಲ! ನೆಂಟರು ಬರುತ್ತಾರೆ, ಮನೆಯವರು ಒಳಕೋಣೆಯಲ್ಲಿರಿ. ಈ ಮಾತಿನ ರುಚಿ ಹೆಂಗಸರಾದ ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ನನ್ನ ಪರಿಚಯದವರೊಬ್ಬರು ಗಂಡನ ಜೊತೆ ಯೂರೋಪ್ ಪ್ರವಾಸ ಮುಗಿಸಿ ಬಂದರು. ಸ್ಯಾಂಟೊರಿನಿಯ ಇಯಾ ಊರಿನಲ್ಲಿ ಸೂರ್ಯಾಸ್ತ ನೋಡಲು ಎರಡು ಗಂಟೆ ಮೊದಲೇ ಹೋಗಿ ಜಾಗ ಹಿಡಿದಿದ್ದರಂತೆ. ಸೂರ್ಯ ಮುಳುಗುವ ಹೊತ್ತಿಗೆ ಮುಂದಿದ್ದವರೆಲ್ಲ ಕೈ ಎತ್ತಿ ಮೊಬೈಲು ಹಿಡಿದರಂತೆ. “ಅಲ್ಲಿನ ಜನ ಹೇಗೆ?” ಎಂದು ಕೇಳಿದೆ. “ಅಲ್ಲಿನವರು ಯಾರು ಅಂತಲೇ ಗೊತ್ತಾಗಲಿಲ್ಲ ಕಣ್ರೀ, ಎಲ್ಲಾ ನಮ್ಮ ಹಾಗೆ ಬಂದವರೇ” ಎಂದರು. ಇಷ್ಟು ಸರಿಯಾದ ಮಾತನ್ನು ಯಾವ ಪ್ರವಾಸಿ ಕೈಪಿಡಿಯಲ್ಲೂ ನಾನು ಓದಿಲ್ಲ.

ಅಲ್ಲಿನವರು ಎಲ್ಲಿ ಹೋದರು? ಇಯಾದ ಬಂಡೆಯಲ್ಲಿ ಕೊರೆದ ಗುಹೆಮನೆಗಳು ಒಂದು ಕಾಲಕ್ಕೆ ಹಡಗಿನ ಕೂಲಿಯಾಳುಗಳ ಬಿಡಾರಗಳು. ಹಡಗಿನ ಯಜಮಾನರ ದೊಡ್ಡ ಮನೆಗಳು ಮೇಲಿನ ಬಯಲಿನಲ್ಲಿದ್ದವು. ಇಂದು ಆ ಗುಹೆಗಳೇ ನಮ್ಮ ಮಧ್ಯಮ ವರ್ಗದವರ ತಿಂಗಳ ಸಂಬಳವನ್ನು ಒಂದು ರಾತ್ರಿಗೆ ನುಂಗುವ ಹೋಟೆಲ್ ಕೋಣೆಗಳು. ಊರಿನ ಮನೆಗಳು ದಿನಬಾಡಿಗೆಗೆ ಹೋದ ಮೇಲೆ ತಿಂಗಳ ಬಾಡಿಗೆಗೆ ಮನೆ ಸಿಗುವುದಾದರೂ ಹೇಗೆ? ಸ್ಯಾಂಟೊರಿನಿ, ಮಿಕೊನೋಸ್‌ಗಳಿಗೆ ವರ್ಗವಾಗಿ ಬರುವ ಶಾಲಾ ಶಿಕ್ಷಕಿಯರು, ದಾದಿಯರು, ವೈದ್ಯರು ತಲೆಯ ಮೇಲೊಂದು ಸೂರಿಗಾಗಿ ಪರದಾಡುವ ಸುದ್ದಿ ವರ್ಷವರ್ಷವೂ ಬರುತ್ತದೆ. ಟೀಚರಿಗೆ ಮನೆಯಿಲ್ಲದ ಊರಿನಲ್ಲಿ ಶಾಲೆ ಎಷ್ಟು ದಿನ ಉಳಿದೀತು? ಶಾಲೆಯಿಲ್ಲದ ಊರಿನಲ್ಲಿ ಯಾವ ತಾಯಿ ನಿಂತಾಳು?

ಇದರಲ್ಲಿ ನಮ್ಮ ಗಮನಕ್ಕೆ ವಿಶೇಷವಾಗಿ ಬರಬೇಕಾದ ಸಂಗತಿ ಒಂದಿದೆ. ಏಜಿಯನ್ನಿನ ಹಲವು ದ್ವೀಪಗಳಲ್ಲಿ ಮನೆ ಹೆಣ್ಣಿನ ಪಾಲಿನ ಆಸ್ತಿ. ಮದುವೆಯಾದ ಹುಡುಗಿ ಗಂಡನ ಮನೆಗೆ ಹೋಗುವ ಬದಲು ಹುಡುಗನೇ ಅವಳ ಮನೆಗೆ ಬರುವ ರೂಢಿ ಅಲ್ಲಿತ್ತು. ತಂದೆತಾಯಿ ಮಗಳಿಗೆ ಮನೆಯನ್ನೇ ಬಳುವಳಿಯಾಗಿ ಕೊಡುತ್ತಿದ್ದರು. ಇದನ್ನು ಸ್ವರ್ಗವೆಂದು ನಾನು ವರ್ಣಿಸುವುದಿಲ್ಲ. ಮನೆ ಕಟ್ಟಿಸಿ ಕೊಡಲಾಗದ ತಂದೆಯ ಸಂಕಟ, ತಂಗಿಯ ಮದುವೆಗಾಗಿ ದುಡಿದೇ ಮುದುಕನಾದ ಅಣ್ಣನ ಸಂಕಟ ಅಲ್ಲೂ ಇತ್ತು. 1983ರಲ್ಲಿ ಗ್ರೀಸ್ ಕಾನೂನು ಮಾಡಿ ವರದಕ್ಷಿಣೆಯನ್ನು ರದ್ದುಗೊಳಿಸಿದ್ದು ಒಳ್ಳೆಯದೇ ಆಯಿತು. ಆದರೆ ಹೆಣ್ಣಿಗೆ ತನ್ನದೆನ್ನುವ ಬಾಗಿಲೊಂದಿತ್ತು ಎನ್ನುವುದು ಸಣ್ಣ ಮಾತಲ್ಲ. ಪ್ರವಾಸಿಗರು ಬರತೊಡಗಿದಾಗ ಈ ಹೆಂಗಸರೇ ಹಡಗುಕಟ್ಟೆಗೆ ಹೋಗಿ ‘ಕೋಣೆ ಬಾಡಿಗೆಗಿದೆ’ ಎಂಬ ಹಲಗೆ ಹಿಡಿದು ನಿಂತರು, ಹಾಸಿಗೆ ಹಾಸಿದರು, ಚಾದರ ಒಗೆದರು, ಕಾಫಿ ಕುದಿಸಿ ಕೊಟ್ಟರು. ದುಡ್ಡು ಅವರ ಕೈಗೇ ಬಂತು. ಅದು ಮನೆವಾರ್ತೆಯ ಪ್ರವಾಸೋದ್ಯಮ. ಅದರ ಮೇಲೆ ನನ್ನ ತಕರಾರಿಲ್ಲ. ಈಗ ಆ ಬಾಗಿಲುಗಳ ಬೀಗದ ಕೈ ದೂರದಲ್ಲಿರುವ ಹೂಡಿಕೆದಾರರ ಕೈ ಸೇರುತ್ತಿದೆ. ಅಜ್ಜಿಯ ಬಳುವಳಿ ಮನೆಯಲ್ಲಿ ಮೊಮ್ಮಗಳು ಸಂಬಳಕ್ಕೆ ಚಾದರ ಬದಲಿಸುವಂತಾದರೆ ಅದನ್ನು ಪ್ರಗತಿ ಎನ್ನುವವರಿಗೆ ನಾನೇನು ಹೇಳಲಿ?

ಇನ್ನು ಆ ಬಿಳುಪಿನ ವಿಚಾರ. ಬಿಳಿನೀಲಿ ಬಣ್ಣ ಗ್ರೀಕರ ಆತ್ಮದ ಬಣ್ಣವೆಂದು ಜಾಹೀರಾತುಗಳು ಹೇಳುತ್ತವೆ. ಸುಣ್ಣಕ್ಕೆ ಆತ್ಮದ ಗೊಡವೆಯಿಲ್ಲ. ಅದು ಬಿಸಿಲನ್ನು ಹಿಮ್ಮೆಟ್ಟಿಸುತ್ತದೆ, ಕ್ರಿಮಿ ಕೊಲ್ಲುತ್ತದೆ, ಅಗ್ಗಕ್ಕೆ ಸಿಗುತ್ತದೆ. ಕುಡಿಯುವ ನೀರಿಗೆ ಬರವಿರುವ ಆ ದ್ವೀಪಗಳಲ್ಲಿ ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ನೆಲದೊಳಗಿನ ತೊಟ್ಟಿಗೆ ಹರಿಸಿ ವರ್ಷವಿಡೀ ಬಳಸುತ್ತಿದ್ದರು. 1930ರ ದಶಕದ ಕೊನೆಯಲ್ಲಿ ಸರ್ವಾಧಿಕಾರಿ ಮೆಟಾಕ್ಸಾಸನ ಸರಕಾರ ಆರೋಗ್ಯದ ಹೆಸರಿನಲ್ಲಿ ಸುಣ್ಣ ಬಳಿಯಿರೆಂದು ಆಜ್ಞೆ ಹೊರಡಿಸಿತು. ಅದಕ್ಕೂ ಹಿಂದೆ ಎಷ್ಟೋ ಮನೆಗಳು ಕಲ್ಲಿನ ಬಣ್ಣದಲ್ಲೋ ಮಣ್ಣಿನ ಬಣ್ಣದಲ್ಲೋ ಇದ್ದವು. ಸಿಕ್ಲಡೀಸಿನ ಆಡಳಿತ ಕೇಂದ್ರವಾದ ಸಿರೋಸ್ ದ್ವೀಪದ ಎರ್ಮೂಪೊಲಿಯ ಮನೆಗಳಿಗೆ ಇಂದಿಗೂ ಹಳದಿ, ಗುಲಾಬಿ ಬಣ್ಣ. ಈಸ್ಟರ್ ಹಬ್ಬಕ್ಕೆ ಮುಂಚೆ ಬಕೆಟ್ಟು, ಕುಂಚ ಹಿಡಿದು ಗೋಡೆಗೆ, ಅಂಗಳದ ಕಲ್ಲುಸಂದಿಗೆ ಸುಣ್ಣ ಬಳಿಯುತ್ತಿದ್ದವರು ಮನೆಯ ಹೆಂಗಸರು. ಯುಗಾದಿಗೆ ಮುಂಚೆ ಸೀರೆ ಎತ್ತಿಕಟ್ಟಿ ಸುಣ್ಣ ಬಳಿದ ಕೈಗಳಿಗೆ ಆ ಉರಿ ಎಂಥದ್ದೆಂದು ಗೊತ್ತು. ಪ್ರವಾಸಿಯ ಕ್ಯಾಮರಾಕ್ಕೆ ಬಿಳುಪು ಬೇಕು, ಬಳಿದ ಕೈ ಬೇಡ.

ಕಲಾರಸಿಕರೂ ಇದನ್ನೇ ಮಾಡಿದರು. ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಈ ದ್ವೀಪಗಳಲ್ಲಿ ಅಮೃತಶಿಲೆಯ ಪುಟ್ಟ ಗೊಂಬೆಗಳನ್ನು ಕಡೆಯುತ್ತಿದ್ದರು. ಹೆಚ್ಚಿನವೆಲ್ಲ ಹೆಣ್ಣುಗಳು, ಹೊಟ್ಟೆಯ ಮೇಲೆ ಕೈಕಟ್ಟಿ ನಿಂತವರು, ಕೆಲವರು ಬಸುರಿಯರು. ಅವಕ್ಕೆ ಕಣ್ಣು, ಕೂದಲು ಬಣ್ಣದಲ್ಲಿ ಬರೆದಿರುತ್ತಿದ್ದರು. ಬಣ್ಣ ಮಾಸಿ ಬಿಳಿಯಾದ ಮುಖವೇ ಇಪ್ಪತ್ತನೆಯ ಶತಮಾನದ ಆಧುನಿಕ ಕಣ್ಣಿಗೆ ಹಿಡಿಸಿತು. ಬೆಲೆ ಏರಿತು, ಕಳ್ಳರು ಹಳೆಯ ಗೋರಿಗಳನ್ನು ಬಗೆದರು. ಇಂದು ವಸ್ತುಸಂಗ್ರಹಾಲಯಗಳಲ್ಲಿರುವ ಎಷ್ಟೋ ಗೊಂಬೆಗಳು ಯಾವ ಗೋರಿಯವು, ಯಾರ ಪಕ್ಕದಲ್ಲಿ ಮಲಗಿದ್ದವು ಎಂದು ಹೇಳುವವರಿಲ್ಲ. ಊರು ಹೋಗಿ ಬಿಳುಪು ಮಾತ್ರ ಉಳಿದರೆ ಹೀಗೇ ಆಗುತ್ತದೆ.

ಬಿಳಿನೀಲಿ ಚಿತ್ರದೊಳಕ್ಕೆ ಬಾರದ ದ್ವೀಪಗಳೂ ಈ ಗುಂಪಿನಲ್ಲಿವೆ. ಯಾರೋಸ್ ಮತ್ತು ಮಾಕ್ರೊನಿಸೋಸ್ ರಾಜಕೀಯ ಕೈದಿಗಳ ದ್ವೀಪಗಳಾಗಿದ್ದವು. ಗ್ರೀಸಿನ ಅಂತರ್ಯುದ್ಧದ ಕಾಲದಲ್ಲಿ ಮಾಕ್ರೊನಿಸೋಸಿನ ಶಿಬಿರಗಳಲ್ಲಿ ಸಾವಿರಾರು ಜನರನ್ನು ಕೂಡಿಹಾಕಿ, ಹೊಡೆದು ಬಡಿದು ಮುಚ್ಚಳಿಕೆ ಬರೆಸಿಕೊಂಡರು. ಕವಿ ಯಾನಿಸ್ ರಿಟ್ಸೋಸ್ ಅಲ್ಲಿದ್ದರು. 1950ರಲ್ಲಿ ಹೆಂಗಸರನ್ನೂ ಅಲ್ಲಿಗೆ ಸಾಗಿಸಿದರು. ಸಮುದ್ರ ಅಲ್ಲೂ ಅಷ್ಟೇ ನೀಲಿ.

ನನಗೆ ಬರುವ ಉತ್ತರ ಏನೆಂದು ಬಲ್ಲೆ. “ಅಮ್ಮಾ, ಪ್ರವಾಸಿಗರು ಬಾರದಿದ್ದರೆ ಅವರು ಹೊಟ್ಟೆಗೇನು ತಿನ್ನಬೇಕು?” ಈ ಪ್ರಶ್ನೆ ನ್ಯಾಯವಾದದ್ದು. 1956ರ ಜುಲೈ 9ರಂದು ನಡೆದ ಭಾರೀ ಭೂಕಂಪದಲ್ಲಿ ಸ್ಯಾಂಟೊರಿನಿ ನುಚ್ಚುನೂರಾಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು, ಎಷ್ಟೋ ಕುಟುಂಬಗಳು ಗಂಟುಮೂಟೆ ಕಟ್ಟಿ ಅಥೆನ್ಸಿಗೆ ಹೋದವು. ಬಡತನ ಅಲ್ಲಿ ಕಥೆಯಾಗಿರಲಿಲ್ಲ, ಬದುಕಾಗಿತ್ತು. ಪ್ರವಾಸಿಗರ ದುಡ್ಡಿನಿಂದ ರಸ್ತೆ ಬಂತು, ದೀಪ ಬಂತು, ಮಕ್ಕಳು ಓದಿದರು. ಒಪ್ಪಿದೆ. ಆದರೆ ಉಪ್ಪಿಲ್ಲದೆ ಊಟವಿಲ್ಲವೆಂದು ಸೇರುಗಟ್ಟಲೆ ಉಪ್ಪು ಸುರಿದರೆ ತಿನ್ನುವವರಾರು? ಪ್ರಶ್ನೆ ಇರುವುದು ಅಳತೆಯದು. ಅಳತೆ ತಪ್ಪಿದೆಯೆಂದು ಸರಕಾರವೇ ಈಗ ಒಪ್ಪಿಕೊಂಡಿದೆ. ಸ್ಯಾಂಟೊರಿನಿಯಲ್ಲಿ 2025ರಿಂದ ದಿನಕ್ಕೆ ಎಂಟು ಸಾವಿರ ಹಡಗು ಪ್ರಯಾಣಿಕರ ಮಿತಿ, ಅಲ್ಲಿಯೂ ಮಿಕೊನೋಸಿನಲ್ಲಿಯೂ ಹಡಗಿನಿಂದ ಇಳಿಯುವವರಿಗೆ ಬೇಸಿಗೆಯಲ್ಲಿ ತಲೆಗೆ 20 ಯೂರೊ ಶುಲ್ಕ ಬಂದಿವೆ. ಇಷ್ಟಾದರೂ ಎಂಟು ಸಾವಿರವೆಂದರೆ ಊರಿನ ಅರ್ಧದಷ್ಟು ಜನ ದಿನಾ ಬಂದು ಇಳಿದಂತೆ. ಟಿಕೆಟ್ಟು ಇಟ್ಟ ಮಾತ್ರಕ್ಕೆ ಊರು ಉಳಿಯುವುದಿಲ್ಲ.

ಅದೇ 2025ರ ಫೆಬ್ರವರಿಯಲ್ಲಿ ಸ್ಯಾಂಟೊರಿನಿಯ ಸುತ್ತ ನೆಲ ದಿನಕ್ಕೆ ನೂರಾರು ಬಾರಿ ನಡುಗಿತು. ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಹಡಗು, ವಿಮಾನ ಹತ್ತಿ ಹೊರಟರು. ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಮಕ್ಕಳನ್ನು ಎತ್ತಿಕೊಂಡು ರಾತ್ರಿ ಹಡಗುಕಟ್ಟೆಯಲ್ಲಿ ಕಾಯುತ್ತಿದ್ದವರ ಚಿತ್ರಗಳ ಜೊತೆಗೇ, ಈ ಬೇಸಿಗೆಯ ಬುಕಿಂಗ್ ಗತಿಯೇನು ಎಂಬ ಚರ್ಚೆಯೂ ಪತ್ರಿಕೆಗಳಲ್ಲಿ ಬಂತು. ಆ ಕೆಲವು ದಿನಗಳಾದರೂ ಜಗತ್ತಿಗೆ ಅಲ್ಲಿ ಮಕ್ಕಳಿದ್ದಾರೆಂದು ತಿಳಿಯಿತು.

ಡೆಲೋಸಿನ ಆಜ್ಞೆಗೆ ಮರಳಿ ಬರುತ್ತೇನೆ. ಸಿಕ್ಲಡೀಸಿನ ಸಣ್ಣ ದ್ವೀಪಗಳಲ್ಲಿ ಇಂದು ಹೆರಿಗೆಯ ವ್ಯವಸ್ಥೆಯಿಲ್ಲ. ಬಸುರಿಯಾದವಳು ದಿನ ತುಂಬುವ ಮೊದಲೇ ಸಿರೋಸಿಗೋ ಅಥೆನ್ಸಿಗೋ ಹಡಗು ಹತ್ತಿ, ಗುರುತು ಪರಿಚಯವಿಲ್ಲದ ಊರಿನಲ್ಲಿ ಕೋಣೆ ಹಿಡಿದು ಕಾಯಬೇಕು. ಜೋರು ಗಾಳಿ ಎದ್ದರೆ ಹಡಗೂ ನಿಲ್ಲುತ್ತದೆ. ಅಂದು ಅಥೆನ್ಸಿನವರು ಶಾಸನ ಬರೆಸಿ ಮಾಡಿದ್ದನ್ನು ಇಂದು ಯಾರೂ ಶಾಸನ ಬರೆಸದೆ ಮಾಡಿದ್ದಾರೆ. ಐಷಾರಾಮಿ ಈಜುಕೊಳಕ್ಕೆ ಬಂಡೆ ಕೊರೆಯಲು ದುಡ್ಡು ಹುಟ್ಟುವ ಸಮುದ್ರದಲ್ಲಿ ಸೂಲಗಿತ್ತಿಗೆ ಸಂಬಳ ಹುಟ್ಟುವುದಿಲ್ಲವೆಂದರೆ ನಂಬುವುದು ಹೇಗೆ?

ಅಲ್ಲಿಯವರು ಸುಮ್ಮನೆ ಕೂತಿಲ್ಲ. 2023ರ ಬೇಸಿಗೆಯಲ್ಲಿ ಪಾರೋಸ್ ದ್ವೀಪದವರು ತಮ್ಮ ಸಮುದ್ರತೀರವನ್ನು ಬಾಡಿಗೆ ಕುರ್ಚಿ, ಕೊಡೆಗಳ ವ್ಯಾಪಾರಿಗಳು ಪೂರ್ತಿ ಆಕ್ರಮಿಸಿದ್ದಾರೆಂದು ಬೀದಿಗಿಳಿದರು. ಅದಕ್ಕೆ ‘ಟವೆಲ್ ಚಳವಳಿ’ ಎಂದೇ ಹೆಸರಾಯಿತು. ಅವರು ಕೇಳಿದ್ದು ಒಂದು ಟವೆಲ್ ಹಾಸುವಷ್ಟು ಸ್ವಂತ ಮರಳು. ಅದು ನಾಕ್ಸೋಸಿಗೂ ಬೇರೆ ದ್ವೀಪಗಳಿಗೂ ಹಬ್ಬಿ, ಮರುವರ್ಷ ತೀರಗಳ ಬಗ್ಗೆ ಹೊಸ ಕಾನೂನು ಬಂತು. ಇಷ್ಟಾದರೂ ಆಯಿತಲ್ಲ ಎಂದು ನಾನು ಸಮಾಧಾನಪಡುತ್ತೇನೆ.

ಹಾಗಾದರೆ ಹೋಗಲೇಬಾರದೇ? ನಾನು ಹಾಗೆ ಹೇಳುವವಳಲ್ಲ. ಹೆಣ್ಣು ಹೊಸ್ತಿಲು ದಾಟಿ ಲೋಕ ನೋಡುವುದು ಕಷ್ಟಪಟ್ಟು ಗಳಿಸಿದ ಹಕ್ಕು. ಹೋಗಬೇಕು, ಆದರೆ ಜೀವ ಇರುವ ಕಡೆ ಹೋಗಬೇಕು. ಜುಲೈ, ಆಗಸ್ಟ್ ಬಿಟ್ಟು ಮೇ ತಿಂಗಳಲ್ಲೋ ಅಕ್ಟೋಬರಿನಲ್ಲೋ ಹೋಗಿ. ಏಳು ದಿನಕ್ಕೆ ಏಳು ದ್ವೀಪ ಬೇಡ, ಒಂದರಲ್ಲೇ ನಿಲ್ಲಿ. ನಾಕ್ಸೋಸ್ ಈ ಗುಂಪಿನಲ್ಲೇ ದೊಡ್ಡದು, ಹಿಟ್ಟಿಗೆ ಬೇಕಾದ ಆಲೂಗೆಡ್ಡೆ, ಗಿಣ್ಣು ತಾನೇ ಮಾಡಿಕೊಳ್ಳುವ, ಪ್ರವಾಸಿಗಳಿಲ್ಲದೆಯೂ ಉಸಿರಾಡಬಲ್ಲ ದ್ವೀಪ. ಸಿಫ್ನೋಸಿನಲ್ಲಿ ಶನಿವಾರ ಸಂಜೆ ಕಾಬೂಲಿ ಕಡಲೆಯನ್ನು ಮಣ್ಣಿನ ಗಡಿಗೆಗೆ ಹಾಕಿ ಸೌದೆ ಒಲೆಯ ಗೂಡಿನಲ್ಲಿಟ್ಟರೆ ರಾತ್ರಿಯೆಲ್ಲ ಬೆಂದು, ಭಾನುವಾರ ಚರ್ಚಿನಿಂದ ಬಂದವರಿಗೆ ಊಟವಾಗುತ್ತದೆ. ಟಿನೋಸಿನಲ್ಲಿ ಆಗಸ್ಟ್ 15ರಂದು ಮಾತೆ ಮೇರಿಯ ಹಬ್ಬಕ್ಕೆ ಹಡಗುಕಟ್ಟೆಯಿಂದ ಗುಡ್ಡದ ಚರ್ಚಿನವರೆಗೆ ಮಂಡಿಯೂರಿ ತೆವಳುತ್ತ ಹೋಗುವ ತಾಯಂದಿರನ್ನು ಕಾಣಬಹುದು. ಉರುಳುಸೇವೆ ನೋಡಿದ ನಮಗೆ ಆ ಹರಕೆ ಅರ್ಥವಾಗುತ್ತದೆ. ಕ್ಯಾಮರಾ ಚೀಲದೊಳಗೇ ಇರಲಿ. ಸ್ಯಾಂಟೊರಿನಿಗೇ ಹೋಗುವುದಾದರೆ ಸೂರ್ಯಾಸ್ತ ಬಿಟ್ಟು, 1967ರಲ್ಲಿ ಮರಿನಾಟೋಸ್ ಅಗೆಯಲು ಆರಂಭಿಸಿದ ಅಕ್ರೊತಿರಿಯನ್ನು ನೋಡಿ. ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಆ ಊರಿನ ಮನೆಯೊಂದರ ಗೋಡೆಯಲ್ಲಿ ಹುಡುಗಿಯರು ಬುಟ್ಟಿ ಹಿಡಿದು ಕೇಸರಿ ಹೂ ಬಿಡಿಸುವ ಚಿತ್ರವಿತ್ತು. ಹಳದಿ, ಕೆಂಪು, ನೀಲಿ ಎಲ್ಲ ಬಣ್ಣವೂ ಅದರಲ್ಲಿದೆ. ಆ ಗೋಡೆ ಬರಿಯ ಬಿಳಿಯಾಗಿರಲಿಲ್ಲ.

ಹೋದಲ್ಲಿ ಮನೆಯೊಡತಿಯೇ ಬೀಗದ ಕೈ ಕೊಡುವ ಮನೆಯಲ್ಲಿ ಇಳಿದುಕೊಳ್ಳಿ. ಅವಳ ಮಗಳು ಎಲ್ಲಿ ಓದುತ್ತಾಳೆ, ಸೊಸೆ ಎಲ್ಲಿ ಹೆತ್ತಳು ಎಂದು ಕೇಳಿ. ಇಂಥ ಪ್ರಶ್ನೆ ಕೇಳಲು ನಮಗೆ ಗೈಡು ಬೇಕಾಗಿಲ್ಲ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರನ್ನೆಲ್ಲ ನಾವು ಕೇಳುವುದು ಇದನ್ನೇ. ಊರೊಂದು ಊರಾಗಿ ಉಳಿದಿದೆಯೇ ಎಂದು ತಿಳಿಯಲು ನನಗೆ ಗೊತ್ತಿರುವ ಅಳತೆಗೋಲು ಇಷ್ಟೇ: ಅಲ್ಲಿ ಮಕ್ಕಳು ಹುಟ್ಟುತ್ತಾರೆಯೇ, ಮುದುಕರು ತಮ್ಮ ಮಂಚದ ಮೇಲೆ ಸಾಯುತ್ತಾರೆಯೇ? ಇವೆರಡೂ ಇಲ್ಲದ ಜಾಗ ಎಷ್ಟೇ ಚೆಂದವಿದ್ದರೂ ಅದು ಡೆಲೋಸ್. ಹಗಲು ದೋಣಿಯಲ್ಲಿ ಹೋಗಿ ಕಂಬ ಎಣಿಸಿ ಸಂಜೆಗೆ ಮರಳಬಹುದು. ರಾತ್ರಿ ಉಳಿಯಲು ಅಲ್ಲಿ ಪ್ರವಾಸಿಗರಿಗೆ ಅಪ್ಪಣೆಯಿಲ್ಲ. ಮಿಕ್ಕ ದ್ವೀಪಗಳಿಗೆ ಆ ಗತಿ ಬಾರದಿರಲಿ.